ಚಿತ್ತಾಪುರ ಕಡೆಯ ತಾಂಡಾ (ಲಂಬಾಣಿ ಜನರ ಹಟ್ಟಿ) ಮಕ್ಕಳಿಗೆ ಮೇ ರಜೆಯಲ್ಲಿ ವಸತಿ ಶಿಬಿರ ಮಾಡಬೇಕು ಅಂತಿದ್ದೇವೆ. ಶಿಸ್ತು, ಆತ್ಮವಿಶ್ವಾಸ ಕಲಿಸೋಕೆ ಏನೇನು ಇಡಬಹುದು?

ಕಲಬುರಗಿಯ ಒಂದು ಸಂಸ್ಥೆಯ ಜೊತೆ ಸೇರಿ ನಾನೂ ಇದನ್ನೇ ಮಾಡಿದ್ದೆ. ಮೇ ಬೇಡ. ದಯವಿಟ್ಟು ಬೇಡ.

ಬಿಸಿಲಿಗೆ ಹೆದರಿ ಹೇಳುತ್ತಿಲ್ಲ. ಇಲ್ಲಿ ಮೇನಲ್ಲಿ 42 ಡಿಗ್ರಿ ದಾಟುತ್ತದೆ, ನಿಜ. ನೆರಳು, ನೀರು, ಮಜ್ಜಿಗೆ ಹೇಗೋ ಹೊಂದಿಸಬಹುದು. ಆದರೆ ಮಕ್ಕಳೇ ಇರೋದಿಲ್ಲ.

ಶಾಲೆಗೆ ರಜೆ, ಮಕ್ಕಳು ಸುಮ್ನೆ ಮನೇಲಿರ್ತಾರೆ ಅಂದುಕೊಂಡು ನಾವು ದಿನಾಂಕ ಇಟ್ಟೆವು. ಹೆಸರು ಬರೆದುಕೊಳ್ಳಲು ತಾಂಡಾಕ್ಕೆ ಹೋದರೆ ಸಾಲು ಸಾಲು ಮನೆಗೆ ಬೀಗ. ಅಲ್ಲಿದ್ದ ಅಜ್ಜಿಯೊಬ್ಬರು "ಹುಡ್ರೆಲ್ಲಾ ಗುಳೆ ಹೋಗ್ಯಾರ ಯಪ್ಪಾ, ಮಳಿ ಬಿದ್ದ ಮ್ಯಾಲ ಬರ್ತಾರ" ಅಂದರು.

ಇದನ್ನು ಬಿಡಿಸಿ ಹೇಳಲೇಬೇಕು. ನಮ್ಮದು ಮಳೆ ನಂಬಿದ ತೊಗರಿ ನೆಲ. ಜೂನ್, ಜುಲೈಯಲ್ಲಿ ಬಿತ್ತಿದ್ದು ಡಿಸೆಂಬರ್, ಜನವರಿಗೆ ರಾಶಿ ಆಗುತ್ತದೆ. ರಾಶಿ ಮುಗಿದ ಮೇಲೆ ಊರಲ್ಲಿ ಕೂಲಿ ಇಲ್ಲ. ಹೈದರಾಬಾದ್, ಪುಣೆ, ಮುಂಬೈ, ಬೆಂಗಳೂರು ಅಂತ ಕಟ್ಟಡದ ಕೆಲಸಕ್ಕೆ ಹೊರಡುತ್ತಾರೆ. ಕಬ್ಬು ಕಡಿಯೋರು ದೀಪಾವಳಿ ಹೊತ್ತಿಗೇ ಹೋಗಿರುತ್ತಾರೆ. ತಿರುಗಿ ಬರೋದು ಬಿತ್ತನೆಗೆ. ನೀವು ರಜೆ ಅಂತ ಎಣಿಸುವ ಆ ತಿಂಗಳಲ್ಲಿ ನಿಮ್ಮ ಶಿಬಿರದ ಹುಡುಗಿ ಯಾವುದೋ ಶಹರದ ತಗಡಿನ ಶೆಡ್ಡಿನ ಮುಂದೆ ತಮ್ಮನನ್ನು ಎತ್ತಿಕೊಂಡು ನಿಂತಿರುತ್ತಾಳೆ.

ಆಗಲೇ ಶಿಬಿರ ಮುಂದೂಡಬೇಕಿತ್ತು. ದಾನಿಗಳಿಗೆ ದಿನಾಂಕ ಹೇಳಿಯಾಗಿತ್ತು, ಅಡುಗೆಯವರಿಗೆ ಮುಂಗಡ ಹೋಗಿತ್ತು. ಹಾಗಾಗಿ ಪೇಟೆಯ ಅಂಗಡಿಯವರ, ನೌಕರರ ಮಕ್ಕಳನ್ನು ಸೇರಿಸಿಕೊಂಡೆವು. ಒಳ್ಳೆಯ ಮಕ್ಕಳೇ. ಶಿಬಿರ ಚೆನ್ನಾಗಿ ನಡೆಯಿತು, ಫೋಟೋಗಳೂ ಚೆನ್ನಾಗಿ ಬಂದವು. ಆದರೆ ಯಾರ ಹೆಸರಲ್ಲಿ ದುಡ್ಡು ಕೂಡಿಸಿದ್ದೆವೋ ಅವರು ಅಲ್ಲಿರಲಿಲ್ಲ. ಇದು ಗೊತ್ತಾದ ಮೇಲೆ ದೊಡ್ಡ ದಾನಿಯೊಬ್ಬರು ಕೈಬಿಟ್ಟರು. ಅವರು ಮಾಡಿದ್ದೇ ಸರಿ.

ಆಮೇಲೆ ದಸರಾ ರಜೆಗೆ ಬದಲಾಯಿಸಿದೆವು. ಅಷ್ಟೊತ್ತಿಗೆ ಹೆಸರುಕಾಳು, ಉದ್ದು ಮನೆಗೆ ಬಂದಿರುತ್ತದೆ, ತೊಗರಿ ಇನ್ನೂ ಹೊಲದಲ್ಲಿರುತ್ತದೆ, ಅಪ್ಪ ಅಮ್ಮ ಊರಲ್ಲೇ ಇರುತ್ತಾರೆ. ಆ ಸಲ ತಾಂಡಾ ಮಕ್ಕಳು ಬಂದರು. ಭೀಮಾ ದಂಡೆಯ ಸನ್ನತಿಗೆ ಕರೆದುಕೊಂಡು ಹೋದೆವು. ಪಕ್ಕದ ಕನಗನಹಳ್ಳಿ ಸ್ತೂಪದಲ್ಲಿ 'ರಾಯ ಅಶೋಕ' ಎಂದು ಹೆಸರು ಕೆತ್ತಿದ ಶಿಲ್ಪ ಸಿಕ್ಕಿದೆ. ಪಾಠದಲ್ಲಿ ಓದಿದ ಅಶೋಕ ತಮ್ಮದೇ ತಾಲ್ಲೂಕಿನಲ್ಲಿದ್ದಾನೆ ಅಂತ ಗೊತ್ತಾದಾಗ ಅವರು ಕೇಳಿದ ಪ್ರಶ್ನೆಗಳಿಗೆ ನಮಗೇ ಉತ್ತರ ಸಾಲಲಿಲ್ಲ.

ಇನ್ನು ಶಿಸ್ತು, ಆತ್ಮವಿಶ್ವಾಸ. ಇದನ್ನು ನಾನು ಒಪ್ಪೋದೇ ಇಲ್ಲ. ಗುರುತಿಲ್ಲದ ಶಹರದಲ್ಲಿ ತಮ್ಮ ತಂಗಿಯನ್ನು ಸಾಕುವ ಮಗುವಿಗೆ ನೀವು ಧೈರ್ಯದ ಭಾಷಣ ಮಾಡಬೇಕಾ? ಆ ಮಕ್ಕಳಿಗೆ ಇಲ್ಲದಿರೋದು ಬಿಡುವು. ಹೊಟ್ಟೆ ತುಂಬ ಊಟ, ನಿದ್ದೆ, ಯಾರನ್ನೂ ಎತ್ತಿಕೊಳ್ಳದೆ ಆಡುವ ಹೊತ್ತು ಕೊಡಿ. ಹುಡುಗಿಯರ ಜೊತೆ ಪುಟ್ಟ ತಮ್ಮ ತಂಗಿ ಬಂದರೆ ವಾಪಸ್ ಕಳಿಸಬೇಡಿ, ಅವರನ್ನು ನೋಡಿಕೊಳ್ಳಲು ಒಬ್ಬ ಆಯಾ ಇಡಿ.

ಶಿಬಿರದಿಂದ ಸಿಗುವ ದೊಡ್ಡ ಲಾಭ ಬೇರೆಯೇ ಇದೆ. ಮಗು ಮನೆ ಬಿಟ್ಟು ಚೆನ್ನಾಗಿರಬಲ್ಲದು ಅಂತ ಅಪ್ಪ ಅಮ್ಮನಿಗೆ ನಂಬಿಕೆ ಬರುತ್ತದೆ. ಗುಳೆ ಹೋಗುವವರ ಮಕ್ಕಳಿಗೆಂದೇ ಸರ್ಕಾರದ ಸಮಗ್ರ ಶಿಕ್ಷಾ ಯೋಜನೆಯಲ್ಲಿ ಋತುಮಾನದ ಹಾಸ್ಟೆಲ್‌ಗಳಿಗೆ, ಅಂದರೆ ಹೆತ್ತವರು ಗುಳೆ ಹೋದಾಗ ಮಕ್ಕಳು ಉಳಿದು ಓದುವ ಹಾಸ್ಟೆಲ್‌ಗಳಿಗೆ, ಅವಕಾಶ ಇದೆ. ಶಿಬಿರದ ಕೊನೆಯ ದಿನ ಹೆತ್ತವರನ್ನು ಕರೆಸಿ, ಅದರ ಬಗ್ಗೆ ಮಾತಾಡಿ. ನಮ್ಮಲ್ಲಿ ಕೆಲವು ಮಕ್ಕಳು ಹಾಗೇ ಊರಲ್ಲಿ ಉಳಿದು ಪರೀಕ್ಷೆ ಬರೆದರು.

ಪೋಸ್ಟರ್ ಹಾಕಿಸುವ ಮೊದಲು ತಾಂಡಾದ ನಾಯಕರ ಹತ್ತಿರ ಹೋಗಿ, ಗುಳೆಗೆ ಕರೆದೊಯ್ಯುವ ಮೇಸ್ತ್ರಿ ಮುಂಗಡ ಕೊಡೋಕೆ ಯಾವಾಗ ಬರ್ತಾನೆ ಅಂತ ಕೇಳಿ. ಅದಕ್ಕಿಂತ ಮುಂಚೆ ಶಿಬಿರ ಇಡಿ. ಯಾದಗಿರಿ ಕಡೆಯೂ ಮಾಡುವ ಯೋಚನೆ ಇದ್ದರೆ ದಸರಾ ಅಂತ ಕಣ್ಣು ಮುಚ್ಚಿ ಇಡಬೇಡಿ, ಅಲ್ಲಿ ಆ ಹೊತ್ತಿಗೆ ಮಕ್ಕಳು ಹತ್ತಿ ಬಿಡಿಸೋಕೆ ಹೊಲಕ್ಕೆ ಹೋಗುತ್ತಾರೆ.