ಎಣಿಸದೆ ಬರೆದ 16

ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿಗೆ ಬಂದು ನರ್ಸಿಂಗ್ ಡಿಗ್ರಿಗೆ ಸೇರಿದ್ದೀರಿ, ಮುಂದಿನ ತಿಂಗಳು ಮೊದಲ ಪ್ಲೇಸ್‌ಮೆಂಟ್, ಅಂದರೆ ಆಸ್ಪತ್ರೆಯ ವಾರ್ಡಿನಲ್ಲಿ ಕೆಲಸ ಕಲಿಯುವ ಅವಧಿ. ಬಳೆ, ತಾಳಿ ಹಾಕಬಹುದೇ, ಹಿರಿಯರ ಜೊತೆ ಎಷ್ಟು ಮಾತಾಡಬಹುದು, ತಪ್ಪು ಮಾಡಿದರೆ ಕೋರ್ಸಿನಿಂದ ತೆಗೆದುಬಿಡುತ್ತಾರಾ ಎಂದು ಕೇಳಿದ್ದೀರಿ. ನಾನೂ 2013ರಲ್ಲಿ ಇದೇ ದಾರಿಯಲ್ಲಿ ಬಂದವಳು. ಈಗ ವಾರ್ಡಿನಲ್ಲಿ ವಿದ್ಯಾರ್ಥಿಗಳಿಗೆ ಕಲಿಸುತ್ತೇನೆ. ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ನಿಮ್ಮ ನಿದ್ದೆ ಕೆಡಿಸಿರುವುದು ಅದೇ ಎಂದು ನನಗೆ ಗೊತ್ತು.

ನನ್ನ ಮೊದಲ ವರ್ಷ. ಒಂದು ಬೆಳಿಗ್ಗೆ ಎಂಟು ರೋಗಿಗಳ ನಾಡಿ, ಬಿಪಿ, ಜ್ವರ, ಉಸಿರಾಟ ನೋಡಿ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು. ಅವಸರದಲ್ಲಿ ಒಬ್ಬ ಅಜ್ಜಿಯ ಉಸಿರನ್ನು ಎಣಿಸದೆ 16 ಎಂದು ಬರೆದೆ. ಇಲ್ಲಿನ ಚಾರ್ಟಿನಲ್ಲಿ ಉಸಿರು 12ರಿಂದ 20ರೊಳಗಿದ್ದರೆ ಅಂಕ ಸೊನ್ನೆ, 21ರಿಂದ 24 ಆದರೆ 2, 25 ಅಥವಾ ಅದಕ್ಕೂ ಹೆಚ್ಚಾದರೆ 3. ಅಂಕ ಏರಿದಷ್ಟೂ ಡಾಕ್ಟರು ಬೇಗ ಬರಬೇಕು. ಅಂದರೆ ನಾನು ಬರೆದದ್ದು, ಈ ಅಜ್ಜಿಯ ಹತ್ತಿರ ಯಾರೂ ಬರಬೇಕಾಗಿಲ್ಲ ಅಂತ. ಮೈ ಹದಗೆಡುವಾಗ ಎಷ್ಟೋ ಸಲ ಮೊದಲು ಏರುವುದು ಉಸಿರೇ ಎಂದು ಹಿಂದಿನ ವಾರವಷ್ಟೇ ತರಗತಿಯಲ್ಲಿ ಕೇಳಿದ್ದೆ.

ಹತ್ತು ನಿಮಿಷ ಒದ್ದಾಡಿ, ಹೋಗಿ ಮೆಂಟರ್‌ಗೆ, ಅಂದರೆ ವಾರ್ಡಿನಲ್ಲಿ ನನಗೆ ಕಲಿಸುತ್ತಿದ್ದ ನರ್ಸ್‌ಗೆ ಹೇಳಿದೆ. (ಈಗ ಆ ಕೆಲಸವನ್ನು ಪ್ರಾಕ್ಟೀಸ್ ಸೂಪರ್‌ವೈಸರ್ ಮತ್ತು ಅಸೆಸರ್ ಎಂದು ಇಬ್ಬರಿಗೆ ಹಂಚಿದ್ದಾರೆ.) ಆಕೆ ಏನೂ ಅನ್ನದೆ ನನ್ನ ಜೊತೆ ಬಂದು, ಗಡಿಯಾರ ಹಿಡಿದು ಎಣಿಸಿದರು: 22. ಚಾರ್ಟ್ ತಿದ್ದಿದೆವು, ಡಾಕ್ಟರನ್ನು ಕರೆದೆವು. ಆಮೇಲೆ ಪಕ್ಕಕ್ಕೆ ಕರೆದು, ಎಣಿಸದೆ ಬರೆದದ್ದು ಗಂಭೀರ ತಪ್ಪು, ಆದರೆ ನೀನೇ ಬಂದು ಹೇಳಿದ್ದರಿಂದ ನಾಳೆಯೂ ಚಾರ್ಟನ್ನು ನಿನ್ನ ಕೈಗೇ ಕೊಡುತ್ತೇನೆ ಎಂದರು. ನನ್ನ ಪ್ಲೇಸ್‌ಮೆಂಟ್ ಪುಸ್ತಕದಲ್ಲಿ ಎರಡನ್ನೂ ಬರೆದರು. ಓದಿ ಅಳು ಬಂತು, ಆದರೆ ಡಿಗ್ರಿಗೆ ಏನೂ ಆಗಲಿಲ್ಲ.

ದೊಡ್ಡವರೆದುರು ಬಾಯಿ ಬಿಡದಿರುವುದೇ ಮರ್ಯಾದೆ ಎಂದು ನಮ್ಮನ್ನು ಬೆಳೆಸಿದ್ದಾರೆ. ಇಲ್ಲಿನ ವಾರ್ಡಿನಲ್ಲಿ ಸುಮ್ಮನಿರುವ ವಿದ್ಯಾರ್ಥಿಯನ್ನು ಕಂಡರೆ ಭಯಪಡುತ್ತಾರೆ. ಅದಕ್ಕೆ ಕಾರಣವಿದೆ. ಇಂಗ್ಲೆಂಡಿನದೇ ಸ್ಟಾಫರ್ಡ್ ಆಸ್ಪತ್ರೆಯಲ್ಲಿ 2005ರಿಂದ 2009ರವರೆಗೆ ರೋಗಿಗಳು ಕುಡಿಯುವ ನೀರು ಕೈಗೆಟುಕದೆ, ಮಲಿನ ಹಾಸಿಗೆಯಲ್ಲೇ ನರಳಿದ್ದರು. ವಕೀಲ ರಾಬರ್ಟ್ ಫ್ರಾನ್ಸಿಸ್ ಅವರ ವಿಚಾರಣಾ ವರದಿ 2013ರ ಫೆಬ್ರವರಿಯಲ್ಲಿ ಬಂದು, ಅಲ್ಲಿ ಬೇರೂರಿದ್ದ ಭಯ ಮತ್ತು ಮೌನವನ್ನು ಎತ್ತಿ ತೋರಿಸಿತು. ಮರುವರ್ಷವೇ, ರೋಗಿಗೆ ಗಂಭೀರ ಹಾನಿಯಾದರೆ ಆಸ್ಪತ್ರೆ ಅದನ್ನು ಅವರಿಗೆ ತಿಳಿಸಿ ಕ್ಷಮೆ ಕೇಳಲೇಬೇಕು ಎಂಬ ಕಾನೂನು ಬಂತು. ಆದ್ದರಿಂದ ಗೊತ್ತಿಲ್ಲದ್ದನ್ನು ಮಾಡಲು ಹೇಳಿದರೆ, "ಇದನ್ನು ನಾನಿನ್ನೂ ಕಲಿತಿಲ್ಲ, ಒಮ್ಮೆ ತೋರಿಸಿಕೊಡಿ" ಎನ್ನಿ. ಕನ್ಸಲ್ಟೆಂಟ್ (ಇಲ್ಲಿನ ಹಿರಿಯ ಡಾಕ್ಟರು) ಕೈ ತೊಳೆಯದೆ ರೋಗಿಯ ಬಳಿ ಹೋದರೂ ಹೇಳಬಹುದು. ಮೊದಲ ಸಲ ನನ್ನ ಗಂಟಲು ಒಣಗಿತ್ತು. ಅವರು ಥ್ಯಾಂಕ್ಸ್ ಹೇಳಿ ಸಿಂಕಿನ ಕಡೆ ನಡೆದರು.

ಇಲ್ಲಿ ಕ್ಷಮೆಯಿಲ್ಲದ್ದು ಸುಳ್ಳಿಗೆ. ರಿಜಿಸ್ಟರ್ಡ್ ನರ್ಸ್ ಆಗಲು ನೀವು 2,300 ಗಂಟೆ ಪ್ರಾಕ್ಟೀಸ್ ತೋರಿಸಬೇಕು. ಮಾಡದ ಗಂಟೆ ಬರೆದುಕೊಳ್ಳುವುದು, ಬೇರೆಯವರ ಸಹಿ ಹಾಕುವುದು, ಇವನ್ನು ಚಿಕ್ಕ ಜಾಣತನ ಎಂದುಕೊಂಡವರು ಕೋರ್ಸೇ ಕಳೆದುಕೊಂಡಿದ್ದಾರೆ. ಓದುವಾಗ ನಿಮ್ಮ ಹೆಸರು ಎನ್‌ಎಂಸಿ (ಇಲ್ಲಿ ನರ್ಸ್‌ಗಳನ್ನು ನೋಂದಾಯಿಸುವ ಸಂಸ್ಥೆ) ರಿಜಿಸ್ಟರಿನಲ್ಲಿ ಇರುವುದಿಲ್ಲ ನಿಜ, ಆದರೆ ಕೊನೆಯಲ್ಲಿ ನಿಮ್ಮ ನಡತೆ ಒಳ್ಳೆಯದೆಂದು ಯೂನಿವರ್ಸಿಟಿ ಎನ್‌ಎಂಸಿಗೆ ಬರೆದುಕೊಡಬೇಕು. ಹುಷಾರಿಲ್ಲದಿದ್ದರೆ ಶಿಫ್ಟಿಗೆ ಮುಂಚೆಯೇ ವಾರ್ಡಿಗೂ ಯೂನಿವರ್ಸಿಟಿಗೂ ಫೋನ್ ಮಾಡಿ.

ಬಳೆ, ವಾಚು, ಕೈಗೆ ಕಟ್ಟಿದ ದಾರ ಯಾವುದೂ ಬೇಡ. ಮೊಣಕೈ ಕೆಳಗೆ ಬರಿಗೈ ಇರಬೇಕು, ಕೆತ್ತನೆಯಿಲ್ಲದ ಒಂದು ಮದುವೆಯುಂಗುರ ಸಾಮಾನ್ಯವಾಗಿ ನಡೆಯುತ್ತದೆ. ತಾಳಿಯ ವಿಷಯ ಒಂದೊಂದು ಆಸ್ಪತ್ರೆಯಲ್ಲಿ ಒಂದೊಂದು ಥರ, ಮೊದಲೇ ಕೇಳಿಕೊಳ್ಳಿ.

ರೋಗಿಯ ಬಳಿ ಹೋದಾಗ ಮೊದಲು ನಿಮ್ಮ ಹೆಸರು ಹೇಳಿ, ವಿದ್ಯಾರ್ಥಿ ಎಂದೂ ಹೇಳಿ. ಕೇಟ್ ಗ್ರೇಂಜರ್ ಎಂಬ ವೈದ್ಯೆ ತಾವೇ ಕ್ಯಾನ್ಸರ್ ರೋಗಿಯಾಗಿ ಮಲಗಿದ್ದಾಗ, ಬಂದುಹೋಗುವ ಸಿಬ್ಬಂದಿ ಎಷ್ಟೋ ಜನ ಹೆಸರೇ ಹೇಳದ್ದನ್ನು ಕಂಡು 2013ರಲ್ಲಿ "ಹಲೋ ಮೈ ನೇಮ್ ಈಸ್" ಅಭಿಯಾನ ಶುರುಮಾಡಿದರು. ಅವರೀಗ ಇಲ್ಲ, ಆ ಮಾತು ಬರೆದ ಬ್ಯಾಡ್ಜ್ ಈಗಲೂ ಎಷ್ಟೋ ಜನರ ಎದೆಯ ಮೇಲಿದೆ. ವಿದ್ಯಾರ್ಥಿ ಬೇಡ ಎಂದು ರೋಗಿ ಹೇಳಿದರೆ ಬೇಸರಪಡದೆ ಬನ್ನಿ, ಅದು ಅವರ ಹಕ್ಕು.

ನಮ್ಮವರಿಗೆ ನಿಜವಾಗಿ ಕಷ್ಟವಾಗುವುದು ಗುಟ್ಟು ಕಾಯುವುದು. ಒಂದು ದಿನ ನಮ್ಮ ಕನ್ನಡದವರೇ ಯಾರಾದರೂ ನಿಮ್ಮ ವಾರ್ಡಿಗೆ ಬರುತ್ತಾರೆ. ಅವರ ಮನೆಯವರು ನಿಮಗೆ ಮೆಸೇಜ್ ಮಾಡಿ ರಿಪೋರ್ಟ್ ಏನಾಯಿತು ಎನ್ನುತ್ತಾರೆ. ಹೇಳುವಂತಿಲ್ಲ. ಕಾಳಜಿಯಿಂದಲೇ ಆದರೂ ಕಂಪ್ಯೂಟರಿನಲ್ಲಿ ಅವರ ಫೈಲ್ ತೆರೆದು ನೋಡುವಂತಿಲ್ಲ, ಯಾರು ಯಾವಾಗ ತೆರೆದರು ಎಂಬುದು ದಾಖಲಾಗುತ್ತದೆ. ಆಪರೇಷನ್ನಿಗೆ ಒಪ್ಪಿಗೆ ಪಡೆಯುವಾಗ ನಿಮ್ಮನ್ನೇ ಅನುವಾದ ಮಾಡು ಎಂದರೆ ವೃತ್ತಿಪರ ದುಭಾಷಿಯನ್ನು ಕರೆಸಿ ಎಂದು ವಿನಯದಿಂದ ಹೇಳಿ. "ಬಯಾಪ್ಸಿ"ಯನ್ನು ನಾವು ಮೆತ್ತಗೆ "ಸಣ್ಣ ಟೆಸ್ಟು" ಮಾಡಿಬಿಡುತ್ತೇವೆ. ಆಗ ಅವರು ಯಾವುದಕ್ಕೆ ಒಪ್ಪಿದರೆಂಬುದು ಅವರಿಗೇ ಗೊತ್ತಿರುವುದಿಲ್ಲ. ಆದರೆ ನೀರು ಬೇಕಾ, ನೋವಿದೆಯಾ ಎಂದು ಕನ್ನಡದಲ್ಲಿ ಕೇಳಿ, ದಿಂಬು ಸರಿಮಾಡಿ. ಪರದೇಶದ ಆಸ್ಪತ್ರೆಯಲ್ಲಿ ಮಲಗಿದವರಿಗೆ ಅದು ಎಷ್ಟು ದೊಡ್ಡದು ಎಂದು ಅವರ ಮುಖದಲ್ಲೇ ಕಾಣುತ್ತದೆ.

ಪ್ಲೇಸ್‌ಮೆಂಟ್ ಶುರುವಾಗುವ ಒಂದು ವಾರ ಮೊದಲು ವಾರ್ಡಿಗೆ ಫೋನ್ ಮಾಡಿ ನಿಮ್ಮ ಸೂಪರ್‌ವೈಸರ್ ಯಾರು, ಎಷ್ಟು ಹೊತ್ತಿಗೆ ಬರಬೇಕು, ಬಟ್ಟೆ ಎಲ್ಲಿ ಬದಲಿಸಬೇಕು ಎಂದು ಕೇಳಿ. ತಾಳಿಯ ಪ್ರಶ್ನೆಯನ್ನೂ ಆ ಫೋನಿನಲ್ಲೇ ಮುಗಿಸಿಕೊಳ್ಳಿ.