ಪಿಕಪ್ ಕೆಟ್ಟು ನಿಂತಾಗ ಮನೆಮಂದಿಗೆ ಯಾರು ದಿಕ್ಕು?

ಪ್ರಶ್ನೆ: ನಾನು ಸಕಲೇಶಪುರ ತಾಲ್ಲೂಕಿನ ಸಣ್ಣ ಕಾಫಿ ಬೆಳೆಗಾರ. ಎರಡು ಸಾಲು ಸೀಟಿನ, ಹಿಂದೆ ತೆರೆದ ಟ್ರೇ ಇರುವ ಪಿಕಪ್ ನಮ್ಮದು; ಹಳದಿ ಬೋರ್ಡ್. ಗೊಬ್ಬರ, ಮೆಣಸಿನ ಚೀಲ ಸಾಗಿಸುವುದೂ ಅದರಲ್ಲೇ, ಮಕ್ಕಳನ್ನು ಶಾಲೆಗೆ ಬಿಡುವುದೂ ತಾಯಿಯನ್ನು ಮಂಗಳೂರಿನ ಆಸ್ಪತ್ರೆಗೆ ಕರೆದೊಯ್ಯುವುದೂ ಅದರಲ್ಲೇ. ಕಳೆದ ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಗಾಡಿ ಕೆಟ್ಟಿತು. ಮೊಬೈಲಿನಲ್ಲಿ ಕೊಂಡಿದ್ದ ರಸ್ತೆಬದಿ ನೆರವಿನ ಯೋಜನೆಗೆ ಕರೆ ಮಾಡಿದರೆ, ‘ಇದು ಕಾರಿಗೆ ಮಾತ್ರ’ ಎಂದುಬಿಟ್ಟರು. ರಾತ್ರಿ ಹತ್ತರವರೆಗೆ ತಾಯಿಯೊಂದಿಗೆ ಅಲ್ಲೇ ಇದ್ದೆವು. ಯಾವ ಯೋಜನೆ ಮಾಡಿಸಿದರೆ ಒಳ್ಳೆಯದು?

ಉತ್ತರ: ವಯಸ್ಸಾದ ತಾಯಿಯನ್ನು ಕೂರಿಸಿಕೊಂಡು ಆ ಮಳೆಯಲ್ಲಿ ಕಾಯುವುದು ಎಂಥ ಕಷ್ಟವೆಂದು ಬಲ್ಲೆ. ಯೋಜನೆ ಹುಡುಕುವ ಮೊದಲು ಗಾಡಿಯ ಆರ್‌ಸಿಯನ್ನು ಕೈಗೆತ್ತಿಕೊಳ್ಳಿ. ಅದರಲ್ಲಿ ವಾಹನದ ವರ್ಗ ‘ಗೂಡ್ಸ್ ಕ್ಯಾರಿಯರ್’, ಅಂದರೆ ಸರಕು ವಾಹನ, ಎಂದಿರುತ್ತದೆ. ನೀವು ಅದನ್ನು ಮನೆಯ ಕಾರಿನಂತೆ ಬಳಸುತ್ತಿರಬಹುದು, ಆದರೆ ನೆರವಿನ ಕಂಪನಿ ನೋಡುವುದು ಆ ಒಂದು ಸಾಲನ್ನು. ಖಾಸಗಿ ಕಾರಿನ ಯೋಜನೆ ಎಷ್ಟೇ ಅಗ್ಗವಾಗಿದ್ದರೂ ನಿಮ್ಮ ಪಾಲಿಗೆ ಅದು ಬರೀ ಕಾಗದ. ಇಸುಜು ವಿ-ಕ್ರಾಸ್, ಟೊಯೊಟಾ ಹೈಲಕ್ಸ್‌ನಂಥ ಪಿಕಪ್‌ಗಳನ್ನು ಬಿಳಿ ಬೋರ್ಡಿನಲ್ಲಿ ಇಟ್ಟುಕೊಂಡವರಿಗೆ ಈ ತೊಡಕಿಲ್ಲ. ನೀವು ಸರಕು ವಾಹನಕ್ಕೆಂದೇ ಇರುವ ಯೋಜನೆಯನ್ನು ಕೇಳಬೇಕು.

ಸಮಗ್ರ ವಿಮೆ ಇದೆಯಲ್ಲ, ಎಳೆದೊಯ್ಯುವ ಖರ್ಚು ಅದರಲ್ಲೇ ಸಿಗುವುದಿಲ್ಲವೇ ಎಂದು ಹಲವರು ಕೇಳುತ್ತಾರೆ. ಪಾಲಿಸಿಯ ಮಾದರಿ ಒಕ್ಕಣೆಯಲ್ಲಿ ಅಂಥದ್ದೊಂದು ಮೊತ್ತವಿರುವುದು ನಿಜ: ಖಾಸಗಿ ಕಾರಿಗೆ 1,500 ರೂಪಾಯಿ, ನಾಲ್ಕು ಚಕ್ರದ ಸರಕು ವಾಹನಕ್ಕೆ 2,500 ರೂಪಾಯಿ. ಅದು ಸಿಗುವುದು ಅಪಘಾತವಾದಾಗ. ಯಾಂತ್ರಿಕ ಅಥವಾ ವಿದ್ಯುತ್ ದೋಷದಿಂದ ಗಾಡಿ ನಿಂತರೆ ಅದು ವಿಮೆಗೆ ಸೇರುವುದಿಲ್ಲ ಎಂದು ಅದೇ ಪಾಲಿಸಿಯಲ್ಲಿ ಬರೆದಿರುತ್ತದೆ. ಆದ್ದರಿಂದ ರಸ್ತೆಬದಿ ನೆರವನ್ನು ಹೆಚ್ಚುವರಿ ಪ್ರೀಮಿಯಂ ಕೊಟ್ಟು ಸೇರಿಸಿಕೊಳ್ಳಬೇಕು, ಇಲ್ಲವೇ ಬೇರೆಯಾಗಿ ಕೊಳ್ಳಬೇಕು. ಅದರಲ್ಲೂ ಬಿಡಿಭಾಗದ ಬೆಲೆ ನಿಮ್ಮದೇ. ಅವರು ಕೊಡುವುದು ಸ್ಥಳದಲ್ಲೇ ಆಗುವ ಸಣ್ಣ ರಿಪೇರಿ, ಬ್ಯಾಟರಿಗೆ ಜಂಪ್ ಸ್ಟಾರ್ಟ್, ಸ್ಟೆಪ್ನಿ ಬದಲಾವಣೆ, ವರ್ಕ್‌ಶಾಪಿಗೆ ಎಳೆದೊಯ್ಯುವ ಸೇವೆ.

ಗಾಡಿ ಹೊಸದಾಗಿದ್ದರೆ ತಯಾರಕ ಕಂಪನಿಯ ಯೋಜನೆಗೇ ನನ್ನ ಮತ. ಹಳೆಯದಾಗಿದ್ದರೆ ವಿಮೆಯ ಜೊತೆಗೆ ಸೇರಿಸಿಕೊಳ್ಳಿ. ಎರಡರಲ್ಲಿ ಯಾವುದೇ ಆಗಲಿ, ಹಣ ಕಟ್ಟುವ ಮೊದಲು ಆರ್‌ಸಿಯ ಪ್ರತಿಯನ್ನು ಕಳುಹಿಸಿ ‘ಈ ವಾಹನಕ್ಕೆ ನಿಮ್ಮ ನೆರವು ಸಿಗುತ್ತದೆಯೇ’ ಎಂದು ಲಿಖಿತ ಉತ್ತರ ಪಡೆಯಿರಿ. ಎಷ್ಟು ಕಿಲೋಮೀಟರ್ ಎಳೆದೊಯ್ಯುತ್ತಾರೆ, ಆ ಲೆಕ್ಕದಲ್ಲಿ ಅವರ ಲಾರಿ ಬಂದುಹೋಗುವ ದಾರಿಯೂ ಸೇರಿದೆಯೇ ಎಂದೂ ಕೇಳಿ. ಘಾಟಿಯ ಬುಡದಲ್ಲಿರುವ ಗುಂಡ್ಯದ ಬಳಿ ಗಾಡಿ ನಿಂತರೆ ಹಾಸನದ ವರ್ಕ್‌ಶಾಪ್ ಐವತ್ತು ಕಿಲೋಮೀಟರಿಗಿಂತ ದೂರ. ಐವತ್ತರ ಮಿತಿಯಿದ್ದರೆ ಉಳಿದ ದಾರಿಯ ಹಣ ನಿಮ್ಮ ಜೇಬಿನಿಂದ ಹೋಗುತ್ತದೆ. ಮಿತಿಗಿಂತ ಹೆಚ್ಚು ಸರಕು ತುಂಬಿದ್ದರೆ, ಇಲ್ಲವೇ ಎಸ್ಟೇಟಿನೊಳಗಿನ ಮಣ್ಣಿನ ದಾರಿಯಲ್ಲಿ ಗಾಡಿ ಹೂತಿದ್ದರೆ ಸಾಮಾನ್ಯವಾಗಿ ಅವರು ಬರುವುದಿಲ್ಲ. ಟ್ರೇಯಲ್ಲಿ ಚೀಲಗಳಿದ್ದರೆ ಅವನ್ನು ಇಳಿಸಿ ಬೇರೆ ಗಾಡಿಗೆ ಹಾಕುವ ಹೊಣೆಯೂ ನಿಮ್ಮದೇ.

ಮನೆಮಂದಿಯ ವಿಚಾರವನ್ನು ಬಿಡಿಸಿ ಕೇಳಿ. ಎಳೆದೊಯ್ಯುವ ಲಾರಿಯ ಕ್ಯಾಬಿನ್ನಿನಲ್ಲಿ ಹೆಚ್ಚೆಂದರೆ ಇಬ್ಬರಿಗೆ ಜಾಗ. ಮೇಲೇರಿಸಿದ ಪಿಕಪ್ಪಿನೊಳಗೆ ಯಾರೂ ಕೂರಕೂಡದು. ಕಾರಿನ ಯೋಜನೆಗಳಲ್ಲಿ ಟ್ಯಾಕ್ಸಿ ಸೌಲಭ್ಯ ಹಲವು ಬಾರಿ ಇರುತ್ತದೆ, ಸರಕು ವಾಹನದ್ದರಲ್ಲಿ ಅದನ್ನು ಹುಡುಕಬೇಕು. ಸಿಗದಿದ್ದರೆ ಸಕಲೇಶಪುರದ ಒಬ್ಬ ಟ್ಯಾಕ್ಸಿಯವರ ಮತ್ತು ಉಪ್ಪಿನಂಗಡಿ ಕಡೆಯ ಒಬ್ಬರ ಫೋನ್ ಸಂಖ್ಯೆಗಳನ್ನು ಕಾಗದದಲ್ಲಿ ಬರೆದು ಡ್ಯಾಶ್‌ಬೋರ್ಡಿನಲ್ಲಿಡಿ. ನೀವಿದ್ದದ್ದು ರಾಷ್ಟ್ರೀಯ ಹೆದ್ದಾರಿ 75ರಲ್ಲಿ. ಅಲ್ಲಿ ಹೆದ್ದಾರಿ ಪ್ರಾಧಿಕಾರದ 1033ಕ್ಕೆ ಹಗಲಿರುಳೂ ಕರೆ ಮಾಡಬಹುದು, ಅಪಾಯವಿದ್ದರೆ 112ಕ್ಕೆ.

ಎಳೆಯುವ ರೀತಿಯೂ ಮುಖ್ಯ. ನಿಮ್ಮಂಥ ಪಿಕಪ್ಪಿಗೆ ಎಂಜಿನ್ನಿನ ಬಲ ಹೋಗುವುದು ಹಿಂದಿನ ಚಕ್ರಗಳಿಗೆ. ಮುಂಭಾಗವನ್ನು ಮಾತ್ರ ಎತ್ತಿ ದೂರ ಎಳೆದರೆ ಹಿಂದಿನ ಚಕ್ರಗಳೊಂದಿಗೆ ಪ್ರೊಪೆಲ್ಲರ್ ಶಾಫ್ಟ್, ಅಂದರೆ ಗೇರ್‌ಬಾಕ್ಸಿನಿಂದ ಹಿಂದಕ್ಕೆ ಬಲ ಒಯ್ಯುವ ದಂಡ, ತಿರುಗುತ್ತದೆ. ಎಂಜಿನ್ ನಿಂತಿರುವಾಗ ಗೇರ್‌ಬಾಕ್ಸಿನೊಳಗೆ ಎಣ್ಣೆ ಸರಿಯಾಗಿ ಹರಿಯದೆ ಬೇರಿಂಗ್‌ಗಳು ಸವೆಯುತ್ತವೆ. ಗಾಡಿಯನ್ನು ಪೂರ್ತಿ ಮೇಲೇರಿಸಿಕೊಳ್ಳುವ ಚಪ್ಪಟೆ ಹಾಸಿನ ಲಾರಿಯನ್ನೇ ಕಳುಹಿಸಿ ಎಂದು ಕರೆ ಮಾಡಿದ ಕೂಡಲೇ ಹೇಳಿ, ಗಾಡಿಯ ಉದ್ದವನ್ನೂ ತಿಳಿಸಿ. ಐದು ಮೀಟರಿಗೆ ಸಮೀಪದ ಗಾಡಿ ಸಣ್ಣ ಹಾಸಿನ ಮೇಲೆ ಕೂರುವುದಿಲ್ಲ.

ಸ್ಟೆಪ್ನಿಯನ್ನೂ ಇಂದೇ ನೋಡಿ. ಟ್ರೇಯ ಅಡಿಯಲ್ಲಿ ಸರಪಳಿಗೆ ತೂಗುಹಾಕಿರುವ ಆ ಚಕ್ರ ಮಲೆನಾಡಿನ ಕೆಸರನ್ನೆಲ್ಲ ಮೆತ್ತಿಕೊಂಡು ತುಕ್ಕು ಹಿಡಿದಿರುತ್ತದೆ. ರಾಡ್ ಹಾಕಿ ತಿರುಗಿಸಿದರೂ ಇಳಿಯದ ಸ್ಟೆಪ್ನಿಗಳನ್ನು ಎಷ್ಟೋ ಕಂಡಿದ್ದೇನೆ. ಮಳೆಗಾಲಕ್ಕೆ ಮೊದಲೊಮ್ಮೆ, ನಂತರವೊಮ್ಮೆ ಅದನ್ನು ಪೂರ್ತಿ ಇಳಿಸಿ, ಸರಪಳಿಗೆ ಗ್ರೀಸ್ ಹಚ್ಚಿ, ಗಾಳಿ ಪರೀಕ್ಷಿಸಿ.

ನೀವು ಕೇಳದಿದ್ದರೂ ಹೇಳಲೇಬೇಕಾದ ಮಾತೊಂದಿದೆ, ನನ್ನ ಮನಸ್ಸಿಗೆ ಇದೇ ಎಲ್ಲಕ್ಕಿಂತ ದೊಡ್ಡದು. ಸರಕು ವಾಹನದಲ್ಲಿ ಸರಕಿನ ಮಾಲೀಕ ಅಥವಾ ಅವನ ಅಧಿಕೃತ ಪ್ರತಿನಿಧಿ ಇದ್ದರೆ ಮೋಟಾರು ವಾಹನ ಕಾಯ್ದೆಯ 147ನೆಯ ಕಲಮಿನಡಿ ವಿಮಾ ರಕ್ಷಣೆಯಿದೆ. 1994ರ ತಿದ್ದುಪಡಿಯಲ್ಲಿ ಸೇರಿದ ಮಾತು ಅದು. ಸುಮ್ಮನೆ ಕುಳಿತು ಹೋಗುವ ಪ್ರಯಾಣಿಕರಿಗೆ ವಿಮಾ ಕಂಪನಿ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿದೆ. ಶಾಲೆಗೆ ಹೋಗುವ ಮಕ್ಕಳು, ಆಸ್ಪತ್ರೆಗೆ ಹೊರಟ ತಾಯಿ ಈ ಎರಡನೆಯ ಗುಂಪಿಗೆ ಸೇರುತ್ತಾರೆ. ಒಳಗೆ ಐದು ಸೀಟುಗಳಿವೆ ಎಂದ ಮಾತ್ರಕ್ಕೆ ಐವರಿಗೂ ರಕ್ಷಣೆಯಿದೆ ಎಂದುಕೊಳ್ಳಬೇಡಿ. ಸೀಟಿನಲ್ಲಿ ಕೂರುವ ಮನೆಯವರಿಗೆ ಯಾವ ರಕ್ಷಣೆಯಿದೆ ಎಂದು ವಿಮಾ ಕಂಪನಿಯಿಂದ ಬರಹದಲ್ಲಿ ತಿಳಿಯಿರಿ, ಎಲ್ಲರ ಹೆಸರಿನಲ್ಲೂ ಪ್ರತ್ಯೇಕ ವೈಯಕ್ತಿಕ ಅಪಘಾತ ವಿಮೆ ಮಾಡಿಸಿ. ಮುಂದಿನ ಬಾರಿ ಗಾಡಿ ಬದಲಿಸುವಾಗ ಬಿಳಿ ಬೋರ್ಡಿಗೆ ನೋಂದಣಿಯಾಗುವ ಮಾದರಿಯನ್ನೇ ಆರಿಸಿ. ಅಲ್ಲಿಯವರೆಗೆ ತಾಯಿಯನ್ನು ಮಂಗಳೂರಿಗೆ ಬಾಡಿಗೆ ಕಾರಿನಲ್ಲಿ ಕರೆದೊಯ್ಯಿರಿ ಎಂದು ಕೇಳಿಕೊಳ್ಳುತ್ತೇನೆ.

ಪ್ರಶ್ನೆ: ಹೊಸ ಪಿಕಪ್ ಜೊತೆ ಶೋರೂಮಿನವರೇ ರಸ್ತೆಬದಿ ನೆರವು ಕೊಟ್ಟಿದ್ದಾರೆ. ವಿಮೆಯಲ್ಲೂ ಅದನ್ನು ಸೇರಿಸಿದ್ದಾರೆ. ಎರಡೂ ಬೇಕೇ?

ಉತ್ತರ: ಬೇಡ. ಕಂಪನಿಯದು ಮುಗಿಯುವ ದಿನಾಂಕ ನೋಡಿ, ಅಲ್ಲಿಯವರೆಗೆ ವಿಮೆಯಲ್ಲಿರುವುದನ್ನು ನವೀಕರಣದ ಹೊತ್ತಿಗೆ ತೆಗೆಸಿ. ಉಳಿದ ಹಣದಲ್ಲಿ ಸರಕಿನ ಭಾರ ತಡೆಯುವ ಒಳ್ಳೆಯ ಜಾಕಿಯೊಂದನ್ನು ಕೊಳ್ಳಿ.