ಟ್ರೇಲ್‌ನಲ್ಲಿ 20 ಕಿ.ಮೀ. ಆದಮೇಲೆ ಮನಸ್ಸು ಸೋಲುತ್ತದೆ, ಗಟ್ಟಿ ಮಾಡಿಕೊಳ್ಳುವುದು ಹೇಗೆ?

ರಸ್ತೆಯಲ್ಲಿ ಮ್ಯಾರಥಾನ್ ಮುಗಿಸಿದವರು ನೀವು. ಕಾಡುದಾರಿಗೆ ಬಂದರೆ 20ಕ್ಕೇ ಕಾಲು ಸೋಲುತ್ತದೆ, ಅದಕ್ಕೆ ಮನೋಬಲ ಕಮ್ಮಿ ಅಂತ ನಿಮ್ಮನ್ನೇ ಬೈದುಕೊಳ್ಳುತ್ತಿದ್ದೀರಿ. ನಿಮ್ಮ ಪ್ರಶ್ನೆ ಓದಿ ನಗು ಬಂತು, ಕ್ಷಮಿಸಿ. ಮೂರು ವರ್ಷದ ಹಿಂದೆ ಒಂದು ಮೋರಿ ಕಟ್ಟೆ ಮೇಲೆ ಕೂತು ನಾನೂ ಹೀಗೇ ಬೈದುಕೊಂಡಿದ್ದೆ.

ಮೂಡಿಗೆರೆ ಕಡೆ ನಮ್ಮ ಅತ್ತೆ ಮನೆ. ಡಿಸೆಂಬರ್, ಕಾಫಿ ಕುಯ್ಲಿನ ಕಾಲ. 50 ಕಿ.ಮೀ. ಟ್ರೇಲ್ ಓಟವೊಂದಕ್ಕೆ ಹೆಸರು ಕೊಟ್ಟಿದ್ದೆ, ಇನ್ನು ಏಳು ವಾರ ಇತ್ತು. ಅವತ್ತಿನ ಅಭ್ಯಾಸ: 30 ಕಿ.ಮೀ., ಮೊದಲ 20 ಆರಾಮಾಗಿ, ಕೊನೆಯ 10 ಜೋರಾಗಿ. ದಾರಿ ತೋಟದ ಜೀಪ್ ರಸ್ತೆ. ಮೊದಲ 9 ಕಿ.ಮೀ. ಒಂದೇ ಸಮ ಏರು, ಆಮೇಲೆ 8 ಕಿ.ಮೀ. ಇಳಿಜಾರು, ಹಳ್ಳದ ಪಕ್ಕ ಸ್ವಲ್ಪ ಸಮತಟ್ಟು, ಮತ್ತೆ ಏರು, ಕೊನೆಗೆ ಏರಿಳಿತದಲ್ಲಿ ಮನೆ. ಬೆಳಿಗ್ಗೆ ಆರಕ್ಕೆ ಒಂದು ಲೋಟ ಕಾಫಿ, ಎರಡು ಬಿಸ್ಕತ್ತು ತಿಂದು ಹೊರಟೆ. ಮಂಜು ಎಷ್ಟಿತ್ತೆಂದರೆ ಸಿಲ್ವರ್ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿಯಿಂದ ನೀರು ತಲೆ ಮೇಲೆ ತೊಟ್ಟಿಕ್ಕುತ್ತಿತ್ತು.

ತಪ್ಪು ಆದದ್ದು ಮೊದಲ 9 ಕಿ.ಮೀ.ನಲ್ಲಿ. ಇದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಯಾಕೆಂದರೆ ಓಡುವಾಗ ಅದು ತಪ್ಪು ಅಂತ ಅನಿಸುವುದೇ ಇಲ್ಲ.

ಬೆಂಗಳೂರಿನ ರಸ್ತೆಯಲ್ಲಿ ನನ್ನ ಆರಾಮದ ಓಟ ಕಿ.ಮೀ.ಗೆ ಆರೂವರೆ ನಿಮಿಷ. ಏರಿನಲ್ಲಿ ವಾಚ್ ನೋಡಿದರೆ 7:00 ತೋರಿಸುತ್ತಿತ್ತು. ನಿಧಾನವಾಗಿಯೇ ಹೋಗುತ್ತಿದ್ದೇನೆ ಅಂದುಕೊಂಡೆ. ನಿಜ ಹೇಳಬೇಕೆಂದರೆ ಸ್ವಲ್ಪ ನಾಚಿಕೆಯೂ ಆಯಿತು. ನಡೆಯುವ ಮಾತೇ ಇಲ್ಲ, ಟೀ ಶರ್ಟ್ ಮೇಲೆ ಮ್ಯಾರಥಾನ್ ಹೆಸರಿದೆ ಅಲ್ವಾ? ಈಗ ಲೆಕ್ಕ ನೋಡಿ. 9 ಕಿ.ಮೀ.ನಲ್ಲಿ ಆ ದಾರಿ 450 ಮೀಟರ್ ಏರುತ್ತದೆ. ಅಂದರೆ ನೂರು ಮೀಟರಿಗೆ ಐದು ಮೀಟರ್. ಕಣ್ಣಿಗೆ ಅಂಥ ಏರು ಅಂತ ಕಾಣುವುದೂ ಇಲ್ಲ. ಆದರೆ ಅಷ್ಟು ಏರಿಗೇ ಸಮತಟ್ಟಿಗಿಂತ ಸುಮಾರು 30 ಪರ್ಸೆಂಟ್ ಜಾಸ್ತಿ ಶಕ್ತಿ ಬೇಕು. ನೂರಕ್ಕೆ ಹತ್ತು ಏರಾದರೆ 60 ಪರ್ಸೆಂಟಿನ ಮೇಲೇ ಹೋಗುತ್ತದೆ. ಅದೇ ಶ್ರಮಕ್ಕೆ ಸಮತಟ್ಟಿನಲ್ಲಿ ಎಷ್ಟು ವೇಗ ಬರುತ್ತಿತ್ತು ಅಂತ ನೋಡಲು 7:00ನ್ನು 1.3ರಿಂದ ಭಾಗಿಸಿ. ಸುಮಾರು 5:23 ಬರುತ್ತದೆ. ನಾನು 10 ಕಿ.ಮೀ. ರೇಸ್ ಓಡುವ ವೇಗ ಎಷ್ಟು ಗೊತ್ತೇ? 5:25.

ಅಂದರೆ ಅವತ್ತು ಬೆಳಿಗ್ಗೆ ನಾನು 63 ನಿಮಿಷ ಒಂದು ರೇಸ್ ಓಡಿದೆ. ಓಡಿದ್ದು ನನಗೇ ಗೊತ್ತಾಗಲಿಲ್ಲ. ತಲೆಯಲ್ಲಿ ಮಾತ್ರ ‘ಆರಾಮ’ ಅಂತ ಬರೆದುಕೊಂಡಿದ್ದೆ. ಹಾರ್ಟ್ ರೇಟ್ 170ರ ಹತ್ತಿರ ಇತ್ತು, ನೋಡಿಯೂ ಇದ್ದೆ. ಚಳಿಗೆ ವಾಚು ಸರಿಯಾಗಿ ಹಿಡಿಯುತ್ತಿಲ್ಲ ಅಂತ ಪಟ್ಟಿ ಬಿಗಿ ಮಾಡಿಕೊಂಡೆ!

ಇದರ ಬೆಲೆ ಏನು ಅಂದರೆ, ಚೆನ್ನಾಗಿ ಉಂಡ ಮನುಷ್ಯನ ಮೈಯಲ್ಲಿ, ಸ್ನಾಯು ಮತ್ತು ಲಿವರ್ ಸೇರಿ, 400ರಿಂದ 500 ಗ್ರಾಂ ಗ್ಲೈಕೋಜೆನ್, ಅಂದರೆ ಮೈ ಕೂಡಿಟ್ಟುಕೊಂಡ ಸಕ್ಕರೆ, ಇರುತ್ತದೆ. ಹೆಚ್ಚೆಂದರೆ 2,000 ಕ್ಯಾಲರಿ. ಕೊಬ್ಬು ಎಷ್ಟು ಬೇಕಾದರೂ ಇದೆ, ಆದರೆ ಅದು ನಿಧಾನಕ್ಕೆ ಉರಿಯುವ ಸೌದೆ. ಮಾತಾಡಿಕೊಂಡು ಓಡಿದರೆ ಮೈ ಕೊಬ್ಬನ್ನೂ ಬಳಸುತ್ತದೆ. ಏದುಸಿರು ಬಿಡುತ್ತಾ ಓಡಿದರೆ ಹೆಚ್ಚುಕಮ್ಮಿ ಬರೀ ಸಕ್ಕರೆಯನ್ನೇ ಸುಡುತ್ತದೆ. ಒಂಬತ್ತನೇ ಕಿ.ಮೀ.ನಲ್ಲಿ ಸುಟ್ಟದ್ದು ಇಪ್ಪತ್ತಮೂರನೇ ಕಿ.ಮೀ.ಗೆ ವಾಪಸ್ ಬರುವುದಿಲ್ಲ. ಸಂಬಳ ಬಂದ ಮೊದಲ ವಾರವೇ ಖರ್ಚು ಮಾಡಿ, ಇಪ್ಪತ್ತೈದನೇ ತಾರೀಖು ‘ನನಗೆ ಮನೋಬಲ ಇಲ್ಲ’ ಅಂತ ಅತ್ತ ಹಾಗೆ.

ಇಳಿಜಾರಿನಲ್ಲಿ ಹಾರಿಕೊಂಡು ಇಳಿದೆ, ಅದು ಇನ್ನೊಂದು ಪೆದ್ದತನ. ತೊಡೆಯ ಮುಂಭಾಗಕ್ಕೆ ಬೀಳುವ ಪೆಟ್ಟು ಇಳಿಯುವಾಗಲೇ ಜಾಸ್ತಿ, ಗೊತ್ತಾಗುವುದು ಆಮೇಲೆ.

ಹಳ್ಳ ದಾಟಿ ಎರಡನೇ ಏರು ಹತ್ತುವಾಗ, 23ನೇ ಕಿ.ಮೀ.ನಲ್ಲಿ, ಮುಗಿಯಿತು. ನೋವೇನೂ ಇಲ್ಲ. ಸುಮ್ನೆ ಬೇಡ ಅನಿಸಿತು. ಈ ಓಟ ಯಾಕೆ, ದುಡ್ಡು ಕೊಟ್ಟು ಒದ್ದಾಡುವುದು ಯಾಕೆ, ನಾನು ಇಂಥದ್ದಕ್ಕೆಲ್ಲ ಆಗಿಬರುವವನಲ್ಲ. ಮೋರಿ ಕಟ್ಟೆ ಮೇಲೆ ಕೂತೆ. ಶೂ ಲೇಸ್ ಬಿಚ್ಚಿತ್ತು. ಬಗ್ಗಿ ಕಟ್ಟಬೇಕು ಅಂತ ಅದನ್ನೇ ನೋಡುತ್ತಾ ಕೂತಿದ್ದೆ, ಕೈ ಮಾತ್ರ ಕೆಳಗೆ ಹೋಗಲಿಲ್ಲ.

ಹಿಂದಿನಿಂದ ಒಬ್ಬರು ಅಜ್ಜ ಬಂದರು. ತಲೆ ಮೇಲೆ ಹಸಿ ಹುಲ್ಲಿನ ಹೊರೆ, ಬರಿಗಾಲು.

“ಎಂತ ಆಯ್ತು ಮಾರಾಯ್ರೇ? ಏನಾದ್ರೂ ಕಳ್ಕೊಂಡ್ರಾ?”

ಇಲ್ಲ ಅಜ್ಜ, ಓಡ್ತಾ ಇದ್ದೆ ಅಂದೆ. ನನ್ನ ಮುಖ ನೋಡಿದರು. ಓಡುತ್ತಿದ್ದವನು ಅಂತ ನಂಬಿದ ಹಾಗೆ ಕಾಣಲಿಲ್ಲ. “ಬನ್ನಿ, ಇಲ್ಲೇ ಮನೆ” ಅಂದರು. ಹೊರೆ ಹೊತ್ತ ಅವರ ಹಿಂದೆ ಆ ಏರು ಹತ್ತಲು ನನಗೆ ಎರಡು ಸಲ ನಿಲ್ಲಬೇಕಾಯಿತು.

ಅಂಗಳದ ತುಂಬ ಕಾಫಿ ಹಣ್ಣು ಒಣಹಾಕಿದ್ದರು. ಅಜ್ಜಿ ಒಂದು ಚೊಂಬು ನೀರು, ಬಾಳೆ ಎಲೆ ಚೂರಿನ ಮೇಲೆ ದಪ್ಪ ಬೆಲ್ಲದ ಉಂಡೆ ತಂದಿಟ್ಟರು. ಬಿಸಿಲಲ್ಲಿ ಬಂದವರಿಗೆ ನಮ್ಮ ಕಡೆ ಮೊದಲು ಕೊಡುವುದೇ ಅದು. ಎರಡು ತುಂಡು ತಿಂದೆ, ಅರ್ಧ ಚೊಂಬು ಕುಡಿದೆ. ಹದಿನೈದು ನಿಮಿಷ ಆಗಿರಬೇಕು, ಅಂಗಳದ ಆಚೆ ಕಿತ್ತಳೆ ಮರ ಇರುವುದು ಕಣ್ಣಿಗೆ ಬಿತ್ತು. ಅಷ್ಟು ಹೊತ್ತು ಅದು ಅಲ್ಲೇ ಇತ್ತು! ಲೇಸ್ ಕಟ್ಟಿಕೊಂಡೆ. ಇನ್ನೇನು ಏಳೇ ಕಿ.ಮೀ. ಅಲ್ವಾ ಅನಿಸಿತು.

ಎಲ್ಲಿಂದ ಬಂತು ಆ ಮನೋಬಲ? ನಾನು ಧ್ಯಾನ ಮಾಡಲಿಲ್ಲ, ಯಾರ ಭಾಷಣವನ್ನೂ ಕೇಳಲಿಲ್ಲ. ಬೆಲ್ಲ ತಿಂದೆ. ಮಿದುಳಿನ ಊಟವೂ ಸಕ್ಕರೆಯೇ. ಅದು ಕಮ್ಮಿಯಾದಾಗ ಮಿದುಳು ಮಾಡುವ ಮೊದಲ ಕೆಲಸ ನಿಮ್ಮನ್ನು ನಿಲ್ಲಿಸುವುದು. 2004ರಲ್ಲಿ ಬ್ರಿಟನ್ನಿನಲ್ಲಿ ಸೈಕಲ್ ತುಳಿಯುವವರ ಮೇಲೆ ಒಂದು ಪರೀಕ್ಷೆ ಮಾಡಿದ್ದರು. ಕಾರ್ಬ್ (ಸಕ್ಕರೆ, ಪಿಷ್ಟದಂಥ ಕಾರ್ಬೋಹೈಡ್ರೇಟ್) ಕಲಸಿದ ನೀರನ್ನು ಬಾಯಿ ಮುಕ್ಕಳಿಸಿ ಉಗುಳಿದವರೂ ಸ್ವಲ್ಪ ಬೇಗ ಮುಗಿಸಿದರು. ಹೊಟ್ಟೆಗೆ ಏನೂ ಹೋಗಿರಲಿಲ್ಲ. ಊಟ ಬರುತ್ತಿದೆ ಅಂತ ಮಿದುಳಿಗೆ ಸುದ್ದಿ ಮುಟ್ಟಿದ್ದಷ್ಟೇ.

ಮನೆಗೆ ಬಂದು ಮಾವನ ಹತ್ತಿರ ಇದನ್ನೆಲ್ಲ ಹೇಳಿದೆ. ಅವರು ಕಣದಲ್ಲಿ ಕಾಫಿ ಹರವುತ್ತಿದ್ದರು, ತಲೆ ಎತ್ತಲೂ ಇಲ್ಲ. “ಎತ್ತು ಕಟ್ಟಿ ಮೊದಲ್ನೇ ಸಾಲಲ್ಲೇ ಓಡಿಸ್ತಾರೇನೋ?” ಅಂದರು.

ಹಾಗಾಗಿ ನಿಮ್ಮ ಪ್ರಶ್ನೆಯನ್ನು ನಾನು ಒಪ್ಪುವುದಿಲ್ಲ. 20ನೇ ಕಿ.ಮೀ.ನಲ್ಲಿ ಏನು ಮಾಡಬೇಕು ಅಂತ ಕೇಳುತ್ತಿದ್ದೀರಿ. ಅಲ್ಲಿ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ. ನೀವು ಮೊದಲ ಏರಿನಲ್ಲಿ ಏನು ಮಾಡಿದಿರಿ ಅಂತ ನೋಡಿಕೊಳ್ಳಿ. ವಾಚಿನ ಪರದೆಯಿಂದ ಪೇಸನ್ನು (ಕಿ.ಮೀ.ಗೆ ಎಷ್ಟು ನಿಮಿಷ ಅನ್ನುವ ಲೆಕ್ಕ) ತೆಗೆದುಹಾಕಿ, ಟ್ರೇಲ್‌ನಲ್ಲಿ ಅದು ಸುಳ್ಳು ಹೇಳುತ್ತದೆ. ಏರಿನಲ್ಲಿ ಒಂದು ಪೂರ್ತಿ ವಾಕ್ಯ ಮಾತಾಡಲು ಆಗದಿದ್ದರೆ ನಡೆಯಿರಿ. ನಾಚಿಕೆ ಆದರೆ ಇದನ್ನು ನೆನಪಿಸಿಕೊಳ್ಳಿ: ಫ್ರಾನ್ಸಿನ ಶಾಮೊನಿಯಿಂದ ಹೊರಟು ಮಾಂಟ್ ಬ್ಲಾಂಕ್ ಸುತ್ತಿ ಬರುವ ಯುಟಿಎಂಬಿ ಓಟ 170 ಕಿ.ಮೀ. ಹತ್ತಿರ, ಒಟ್ಟು ಏರು ಸುಮಾರು 10,000 ಮೀಟರ್. ಅದನ್ನು ಗೆಲ್ಲುವವರೇ ಕಡಿದಾದ ಕಡೆ ಕೋಲೂರಿಕೊಂಡು ನಡೆಯುತ್ತಾರೆ. ನಾವು ಯಾವ ಮರದ ತೊಪ್ಪಲು?

ಮೂರು ವಾರ ಬಿಟ್ಟು ಅದೇ ದಾರಿಗೆ ಮತ್ತೆ ಹೋದೆ. ಹಾರ್ಟ್ ರೇಟ್ 145 ದಾಟಿದರೆ ನಡೆಯುವುದು ಅಂತ ಇಟ್ಟುಕೊಂಡೆ. ಅದು ನನ್ನ ಅಂಕಿ, ನಿಮ್ಮದು ಬೇರೆ ಇರುತ್ತದೆ. ಮೊದಲ 9 ಕಿ.ಮೀ.ಗೆ 82 ನಿಮಿಷ ಹಿಡಿಯಿತು. ಕುಯ್ಲಿಗೆ ಹೊರಟಿದ್ದ ಹೆಂಗಸರು ಮಾತಾಡಿಕೊಂಡು ಸುಮಾರು ದೂರ ನನ್ನ ಜೊತೆಗೇ ಬಂದರು. ಹೊಟ್ಟೆ ಉರಿಯಿತು, ಆದರೂ ಓಡಲಿಲ್ಲ. ಅರ್ಧ ಗಂಟೆಗೊಮ್ಮೆ ಏನಾದರೂ ಬಾಯಿಗೆ ಹಾಕಿಕೊಂಡೆ. ಗಂಟೆಗೆ 30ರಿಂದ 60 ಗ್ರಾಂ ಕಾರ್ಬ್ ಬೇಕು, ಹಸಿವಾಗುವ ಮೊದಲೇ. ಬಾಟಲಿಗೆ ಚಿಟಿಕೆ ಉಪ್ಪು. ಬರೀ ನೀರನ್ನೇ ಲೀಟರುಗಟ್ಟಲೆ ಕುಡಿಯಬೇಡಿ, ರಕ್ತದಲ್ಲಿ ಸೋಡಿಯಂ ಇಳಿದರೆ ಆಸ್ಪತ್ರೆಯೇ ಗತಿ. 20 ಆದಮೇಲೆ ನಿಜವಾಗಿ ಜೋರು ಮಾಡಿದೆ. ಕೊನೆಯ 10ಕ್ಕೆ 68 ನಿಮಿಷ.

ಕಷ್ಟ ಆಗಲಿಲ್ಲವೇ ಅಂದರೆ, ಆಯಿತು. ಕೊನೆಯ ಮೂರು ಕಿ.ಮೀ. ತೊಡೆ ಉರಿಯುತ್ತಿತ್ತು, ಮುಂದಿನ ಮರ, ಅದರ ಮುಂದಿನ ಗೇಟು ಅಂತ ಎಣಿಸಿಕೊಂಡು ಓಡಿದೆ. ನೀವು ಕೇಳುವ ಮನೋಬಲಕ್ಕೆ ಕೆಲಸ ಅಷ್ಟೇ. ಅದೂ ಎರಡೂ ಕಾಲು ಒಂದೇ ಸಮ ನೋಯುತ್ತಿದ್ದರೆ ಮಾತ್ರ. ಒಂದೇ ಜಾಗದಲ್ಲಿ ಚುಚ್ಚಿದ ಹಾಗೆ ನೋವು, ತಲೆಸುತ್ತು, ಬಿಸಿಲಲ್ಲಿ ಮೈ ನಡುಕ, ಇವು ಬಂದರೆ ಹಲ್ಲು ಕಚ್ಚಬೇಡಿ, ನಿಂತುಬಿಡಿ. ಜೀಪು ಸಿಕ್ಕಿದರೆ ಹತ್ತಿ.

ಅವತ್ತು ಅಜ್ಜಿ ಮನೆ ಮುಂದೆ ಹಾದು ಹೋಗುವಾಗ ಕೈ ಎತ್ತಿದೆ. “ಬೆಲ್ಲ ಬೇಡ್ವಾ?” ಅಂತ ಕೂಗಿದರು. ಸೊಂಟದ ಚೀಲ ತಟ್ಟಿ ತೋರಿಸಿದೆ. ನೀವೂ ಬೆಲ್ಲ ಒಯ್ಯುವುದಾದರೆ ಸಣ್ಣ ಸಣ್ಣ ಚೂರು ಮಾಡಿ ಪ್ಲಾಸ್ಟಿಕ್‌ನಲ್ಲಿ ಬಿಗಿಯಾಗಿ ಸುತ್ತಿ. ಬೆವರಿಗೆ ಕರಗಿ ಮೊಬೈಲಿಗೆಲ್ಲ ಮೆತ್ತಿಕೊಳ್ಳುತ್ತದೆ, ಓಟ ಮುಗಿಸಿ ಚೀಲ ನೆಲದ ಮೇಲಿಟ್ಟರೆ ಎರಡೇ ನಿಮಿಷಕ್ಕೆ ಇರುವೆ.